ಕಣ್ಣು ಹೊಡೆಯುವ ಕೆಂಪು ದೀಪ

ನಮ್ಮೆಜಮಾನರಿಗೆ ಆ ಹಳೇ ಕಾರೆಂದರೆ ಪ್ರಾಣ. ಅದರಲ್ಲಿ ಅರ್ಧ ನನ್ನ ಮೇಲಿದ್ದಿದ್ದರೂ ಸಾಕಿತ್ತು. ಡ್ಯಾಶ್‌ಬೋರ್ಡ್ ಬಿಚ್ಚಿ ತಾವೇ ಬಣ್ಣ ಬಳಿದರು, ದೀಪಗಳಿಗೆಲ್ಲ ತಾವೇ ವೈರು ಎಳೆದರು. ಕರೆಂಟನ್ನು ಕಾರಿನ ಕಬ್ಬಿಣದ ಮೈಗೆ ಇಳಿಸುವ ಅರ್ತಿಂಗ್ ವೈರುಗಳನ್ನು ಒಟ್ಟುಮಾಡಿ ಒಂದೇ ಬೋಲ್ಟಿಗೆ ಬಿಗಿದರು, ಅದೂ ಹೊಸ ಬಣ್ಣದ ಮೇಲೆಯೇ. ಕೆರೆಯಲು ಮನಸ್ಸು ಬರಲಿಲ್ಲವಂತೆ.

ಅಂದಿನಿಂದ ಎಡಗಡೆಯ ಇಂಡಿಕೇಟರ್ ಹಾಕಿದರೆ, ಬ್ರೇಕ್ ಎಣ್ಣೆ ಕಡಿಮೆಯಾದಾಗಷ್ಟೇ ಹೊತ್ತಬೇಕಾದ ಕೆಂಪು ದೀಪವೂ ಜೊತೆಗೆ ಮಿಣುಕುತ್ತಿತ್ತು.

"ನೋಡೇ, ಕಾರು ನಿಂಗೆ ಕಣ್ಣು ಹೊಡೀತಿದೆ" ಎನ್ನುತ್ತಿದ್ದರು ಅವರು.

"ಯಜಮಾನನ ಬುದ್ಧಿಯೇ ಬಂದಿದೆ ಬಿಡಿ" ಎನ್ನುತ್ತಿದ್ದೆ ನಾನು. ಕೆಲಸಕ್ಕೆ ಹೋಗುವ ಮಗಳು ಪುಟ್ಟಿ ಬಿದ್ದು ಬಿದ್ದು ನಗುತ್ತಿದ್ದಳು. ನಾನೂ ನಗುತ್ತಿದ್ದೆ, ಆದರೆ ಆ ಕೆಂಪು ಕಂಡಾಗಲೆಲ್ಲ ಎದೆ ಧಸಕ್ಕೆನ್ನುತ್ತಿತ್ತು.

ಕೊನೆಗೆ ಗಾಡಿಗಳ ವೈರಿಂಗ್ ಮಾಡುವ ನನ್ನ ತಮ್ಮನನ್ನು ಕರೆಸಿದೆ. ಅವನು ಬೋಲ್ಟು ಬಿಚ್ಚಿ ನೋಡಿ ಹಣೆ ಚಚ್ಚಿಕೊಂಡ.

"ಏನ್ ಭಾವ ಇದು? ಬಣ್ಣದ ಮೇಲೆ ಅರ್ತ್ ಕೊಟ್ರೆ ಕರೆಂಟ್ ಎಲ್ಲಿಗೆ ಹೋಗ್ಬೇಕು? ದಾರಿ ಸಿಗ್ದೆ ಪಕ್ಕದ ದೀಪಕ್ಕೆ ನುಗ್ತಿದೆ."

ಕಬ್ಬಿಣ ಹೊಳೆಯುವವರೆಗೆ ಬಣ್ಣ ಕೆರೆದು ಮತ್ತೆ ಬಿಗಿದ. ಈಗ ಎಡಕ್ಕೆ ಹಾಕಿದರೆ ಎಡದ್ದೇ, ಬಲಕ್ಕೆ ಹಾಕಿದರೆ ಬಲದ್ದೇ. ಕೆಂಪು ದೀಪ ತೆಪ್ಪಗಾಯಿತು. ಕೆಲಸಕ್ಕೆ ಹೊತ್ತಾಯಿತೆಂದು ಪುಟ್ಟಿ ಬೀಗದ ಕೈ ಕಸಿದುಕೊಂಡು ಹೊರಟೇಬಿಟ್ಟಳು. ನಮ್ಮ ಬೀದಿ ಮುಗಿಯುತ್ತಲೇ ಕಡಿದಾದ ಇಳಿಜಾರು, ಅದರ ಬುಡದಲ್ಲಿ ಲಾರಿಗಳು ಓಡುವ ದೊಡ್ಡ ರಸ್ತೆ.

ಸಾಮಾನು ಎತ್ತಿಡುತ್ತಿದ್ದ ತಮ್ಮ ಕಾರು ನಿಂತಿದ್ದ ಜಾಗದತ್ತ ಬಗ್ಗಿದ. ಹಿಂದಿನ ಚಕ್ರವಿದ್ದಲ್ಲಿ ನೆಲ ಒದ್ದೆಯಾಗಿತ್ತು. ಬೆರಳಿಗೆ ತಾಗಿಸಿಕೊಂಡು ಉಜ್ಜಿದ, ಮೂಸಿದ. ಮುಖ ಬಿಳಿಚಿಕೊಂಡಿತು.

"ಅಕ್ಕ, ಇದು ಬ್ರೇಕ್ ಎಣ್ಣೆ. ಇದು ಸೋರಿ ಹೋದ್ರೆ ಬ್ರೇಕೇ ಹಿಡಿಯಲ್ಲ. ಭಾವ, ಇಂಡಿಕೇಟರ್ ಹಾಕ್ದೇ ಇದ್ದಾಗ್ಲೂ ಆ ಕೆಂಪು ಉರೀತಿತ್ತಾ?"

ಅವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ.

"ಯಾರ್ ನೋಡಿದ್ರು?" ಎಂದರು ಮೆಲ್ಲಗೆ. "ಅದು ಯಾವಾಗ್ಲೂ ಹಂಗೇ ಅಂದ್ಕೊಂಡಿದ್ವಲ್ಲೋ."

"ಸಮ ನೆಲದಲ್ಲಿ ಆ ದೀಪ ಸುಮ್ನಿರತ್ತೆ ಭಾವ. ಇಳಿಜಾರಲ್ಲಿ, ಉಳಿದಿರೋ ಚೂರುಪಾರು ಎಣ್ಣೆ ಒಂದ್ಕಡೆ ವಾಲಿದ್ರೆ ಹತ್ಕೊಳ್ಳತ್ತೆ."

ಪುಟ್ಟಿಗೆ ಫೋನ್ ಮಾಡಿದೆ. ಎತ್ತಿದಳು.

"ಅಮ್ಮಾ, ಆ ಕೆಂಪು ಈಗ ಕಣ್ಣು ಹೊಡೀತಿಲ್ಲ. ಒಂದೇ ಸಮ ಉರೀತಿದೆ."

"ಗಾಡಿ ನಿಲ್ಸೇ ಪುಟ್ಟಿ, ಈಗ್ಲೇ ನಿಲ್ಸು!"

"ಅದನ್ನೇ ಮಾಡ್ತಿದೀನಮ್ಮ" ಎಂದಳು. ಪೆಡಲು ನೆಲಕ್ಕೆ ಬಡಿಯುವ ಸದ್ದು ಮತ್ತೆ ಮತ್ತೆ ಕೇಳಿಸುತ್ತಿತ್ತು.