ಏಡನ್ ಬಂದರಿನ ಒಂದು ಸಾಲು

ಮಥಾಯಸ್ ಹನ್ನೆರಡು ವರ್ಷಗಳಿಂದ ಕೊಲ್ಲಿ ದೇಶದ ಮೀನಾ ಅಬ್ದುಲ್ಲಾ ಎಂಬ ಊರಿನ ಗುತ್ತಿಗೆ ಕಂಪನಿಯೊಂದರಲ್ಲಿ ಕಾಗದಪತ್ರ ನೋಡಿಕೊಳ್ಳುವವನು. ಆಧಾರವಿಲ್ಲದ ಸಾಲನ್ನು ಹೊಡೆದುಹಾಕುವುದು ಅಲ್ಲಿನ ನಿಯಮ. ಆ ನಿಯಮವೇ ಅವನಿಗೆ ಮುಳುವಾಯಿತು.

ಅಲ್ಲಿನ ಕನ್ನಡ ಸಂಘದ ಸ್ಮರಣ ಸಂಚಿಕೆಗೆ ಅವನು ಏಡನ್ ಬಂದರಿನ ಇತಿಹಾಸ ಬರೆದಿದ್ದ. ಬ್ರಿಟಿಷರು ಅದನ್ನು ಹಿಡಿದದ್ದು, ಸೂಯೆಜ್ ಕಾಲುವೆ ತೆರೆದ ಮೇಲೆ ಹಡಗುಗಳು ಕಲ್ಲಿದ್ದಲಿಗೆ ಅಲ್ಲಿ ಸಾಲುಗಟ್ಟಿದ್ದು, ಎಲ್ಲ ಹೇಳಿ ಕೊನೆಗೊಂದು ಸಾಲು: ಅಂದು ಏಡನ್ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು, ಅಲ್ಲಿನ ಕಲ್ಲಿದ್ದಲು ಕಟ್ಟೆಯಲ್ಲಿ ನನ್ನ ಅಜ್ಜ ಕಜೆಟನ್ ಗುಮಾಸ್ತರಾಗಿದ್ದರು. ಉಳಿದ ನಾಲ್ಕು ಪುಟ ಬರೆದದ್ದೇ ಆ ಸಾಲಿಗಾಗಿ. ಅಜ್ಜನ ಹೆಸರು ಈವರೆಗೆ ಎಲ್ಲಿಯೂ ಅಚ್ಚಾಗಿರಲಿಲ್ಲ.

ಸಂಪಾದಕಿ ಚಿತ್ರಾ ಫೋನ್ ಮಾಡಿದಳು. "ಅರಬ್ಬರ ಊರು ಮುಂಬೈ ಪ್ರಾಂತ್ಯದಲ್ಲಿ ಹೇಗ್ರೀ ಇರುತ್ತೆ? ಗ್ಯಾರಂಟಿನಾ?"

ಮಥಾಯಸ್ ತನ್ನ ಟಿಪ್ಪಣಿಗಳನ್ನು ತಿರುವಿಹಾಕಿದ. ಪುಸ್ತಕದಲ್ಲಿ ಓದಿದ್ದೇನೋ ನಿಜ. ತನಗೆ ಅರ್ಥವಾದದ್ದು ಸರಿಯೇ? ಅಜ್ಜನ ಕಾಗದ ಯಾವುದೂ ಕೈಯಲ್ಲಿರಲಿಲ್ಲ. "ಡೌಟ್ ಉಂಟಾದ್ರೆ ಸರಿ ಮಾಡಿ ಮೇಡಂ," ಎಂದುಬಿಟ್ಟ.

ಸಂಚಿಕೆ ಬಿಡುಗಡೆಯ ಶುಕ್ರವಾರ ಬೆಳಿಗ್ಗೆ ಮಂಗಳೂರಿನಿಂದ ಐವಿ ಚಿಕ್ಕಮ್ಮ ವಾಟ್ಸಾಪಿನಲ್ಲಿ, ಅವನು ಹುಡುಕಲು ಹೇಳಿದ್ದ ಅಜ್ಜನ ಸೇವಾಪತ್ರದ ಫೋಟೊ ಕಳಿಸಿದರು. 1926. ಏಡನ್, ಮುಂಬೈ ಪ್ರಾಂತ್ಯ.

ಸಭಾಂಗಣಕ್ಕೆ ಓಡಿ ಸಂಚಿಕೆ ಬಿಡಿಸಿದ. 'ನನ್ನ ಅಜ್ಜ ಕಜೆಟನ್ ಮುಂಬೈ ಬಂದರಿನಲ್ಲಿ ಗುಮಾಸ್ತರಾಗಿದ್ದರು.' ಏಡನ್ ಲೇಖನದ ಬಾಲಕ್ಕೆ ಮುಂಬೈ. ಚಿತ್ರಾಳನ್ನು ಬೈಯುವಂತೆಯೂ ಇರಲಿಲ್ಲ. ಸರಿ ಮಾಡಿ ಎಂದವನು ತಾನೇ.

ಬಾಗಿಲ ಬಳಿಯ ಮೇಜಿನಲ್ಲಿ ಕೂತು ಕಟ್ಟು ಬಿಚ್ಚಿದ. ಒಂದೊಂದು ಪ್ರತಿಯಲ್ಲೂ 'ಮುಂಬೈ' ಹೊಡೆದು, ಮೇಲೆ 'ಏಡನ್' ಬರೆದು, ಆಫೀಸಿನ ಅಭ್ಯಾಸದಂತೆ ಪಕ್ಕದಲ್ಲಿ ಸಹಿ, ತಾರೀಕು ಹಾಕತೊಡಗಿದ.

ಅಧ್ಯಕ್ಷ ಅನಂತರಾಮು ಬಗ್ಗಿ ನೋಡಿದರು. "ಯಲ್ಲಾ ಮಥಾಯಸ್, ಬೇಗ ಏಳಿ, ಗೆಸ್ಟ್ ಬಂದಾಯ್ತು. ಜನ ಅವರವರ ಫೋಟೊ ನೋಡ್ಕೋತಾರೆ ಅಷ್ಟೆ. ನಿಮ್ಮಜ್ಜನ್ನ ಯಾರ್ರೀ ಹುಡುಕ್ತಾರೆ?"

"ನಾನು ಹುಡುಕ್ತೇನಲ್ಲ ಮಾರಾಯ್ರೆ," ಎಂದ ಮಥಾಯಸ್, ತಲೆಯೆತ್ತದೆ.

ಅಷ್ಟರಲ್ಲಿ ಕಟ್ಟುಗಳನ್ನು ವೇದಿಕೆಗೆ ಹೊತ್ತೊಯ್ದರು. ಮುನ್ನೂರರಲ್ಲಿ ಮೂವತ್ತೊಂದನ್ನು ತಿದ್ದಲಾಗಿತ್ತು. ಊಟದ ಹೊತ್ತಿನಲ್ಲಿ ಅವನು ಒಬ್ಬೊಬ್ಬರನ್ನೂ ತಡೆದು, ಒಂದು ನಿಮಿಷ ಪುಸ್ತಕ ಕೊಡಿ ಎಂದು ಕೇಳಿದ. ಕೆಲವರು ಕೊಟ್ಟರು. ಹಲವರು ಅದನ್ನು ಮಕ್ಕಳ ತಟ್ಟೆಯ ಕೆಳಗೆ ಹಾಸಿಬಿಟ್ಟಿದ್ದರು.

ಮಧ್ಯಾಹ್ನ ಮನೆಯಿರುವ ಮಹಬೂಲಾಕ್ಕೆ ಮರಳುವ ಬಸ್ಸಿನಲ್ಲಿ ಕೂತು ನೋಡಿದರೆ, ತನ್ನ ಪಾಲಿಗೆ ಬಂದಿದ್ದ ಪ್ರತಿಯನ್ನೇ ತಿದ್ದಿರಲಿಲ್ಲ. ಪೆನ್ನು ತೆಗೆದ. ಬರೆಯುವ ಮುನ್ನ ಕೈ ತಡೆಯಿತು. ಮತ್ತೊಮ್ಮೆ ಫೋನ್ ತೆರೆದು, ಚಿಕ್ಕಮ್ಮನ ಫೋಟೊ ದೊಡ್ಡದು ಮಾಡಿ, ಒಂದೊಂದೇ ಅಕ್ಷರ ಓದಿದ.

ಏಡನ್ ಎಂದೇ ಇತ್ತು.