ಎರಡು ಗೆರೆಯ ಪ್ಯಾಂಟು

"ಬಿಚ್ಚಿ ಮಾವ, ಬಿಚ್ಚಿ. ಈ ಅಂಗೀಲಿ ಒಳಗೆ ಹೋದ್ರೆ ಅಮ್ಮ ಎದ್ದು ಕೂತು ಬೈತಾಳೆ."

ಮಗಳು ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆ ಹಿಡಿದು, ತಳ್ಳುಗಾಡಿಯನ್ನೇ ಬಾಗಿಲಿಗೆ ಅಡ್ಡ ನಿಲ್ಲಿಸಿದ್ದಳು. ಮಾವ, ಅಂದರೆ ತೀರಿಹೋದ ಅಮ್ಮನ ಒಡಹುಟ್ಟಿದ ಅಣ್ಣ, ರೈಲಿನಲ್ಲಿ ಕೂತು ಬಂದವನು. ಅಂಗಿ ಹಿಂಡಿ ಬಿಸಾಕಿದ ಹಾಗಿತ್ತು.

"ಸಾವಿನ ಮನೇಲಿ ಇದೆಂಥಾ ಹುಡುಗಾಟ?"

ಅವನ ಹಿಂದಿನ ಸಾಲು ಕಿಸಕ್ಕನೆ ನಕ್ಕಿತು. ಬೀದಿಗೆ ಬೀದಿಯೇ ಬಟ್ಟೆ ಕೈಯಲ್ಲಿ ಹಿಡಿದು ಸರದಿ ನಿಂತಿತ್ತು. ಸುಕ್ಕುಬಟ್ಟೆಯಲ್ಲಿ ಬಂದವರನ್ನು ಅಮ್ಮ ಯಾವತ್ತೂ ಹೊಸ್ತಿಲು ದಾಟಲು ಬಿಟ್ಟವಳಲ್ಲ; ಇವತ್ತೊಂದು ದಿನ ಬಿಟ್ಟುಬಿಡುತ್ತಾಳೆಯೇ? ಮಾವ ತೆಪ್ಪಗೆ ಅಂಗಿ ಬಿಚ್ಚಿ ಬನಿಯನ್ನಿನಲ್ಲಿ ನಿಂತ. "ನನ್ನ ತಮ್ಮ ಚಿಕ್ಕಂದಿನಿಂದಲೂ ಹೀಗೇ, ಹಟಮಾರಿ," ಎಂದು ಗೊಣಗಿದ. 'ತಮ್ಮ' ಎಂಬ ಮಾತು ಮಗಳ ಎದೆಗೆ ಚುಚ್ಚಿತು. ಕಾಲರನ್ನು ಇನ್ನಷ್ಟು ಒತ್ತಿ ಉಜ್ಜಿದಳು.

ಹುಟ್ಟಿದಾಗ ಗಂಡು ಅನ್ನಿಸಿಕೊಂಡು, ಬೆಳೆಯುತ್ತಾ ತಾವು ಹೆಣ್ಣೆಂದು ಕಂಡುಕೊಂಡವರು ಈ ಅಮ್ಮ, ಮಗಳು ಇಬ್ಬರೂ. ಹೆತ್ತವರು ಹೊರಗೆ ಹಾಕಿದ ಮಗಳನ್ನು ಅಮ್ಮ ಇದೇ ಗಾಡಿಯ ಪಕ್ಕ ನಿಲ್ಲಿಸಿಕೊಂಡು ಸಾಕಿದ್ದಳು. ಮೊನ್ನೆ ಮೊನ್ನೆ ಬಸ್‌ಸ್ಟಾಪಿನಲ್ಲಿ ಇಬ್ಬರು ಪುಂಡರು ಮಗಳನ್ನು ಹಿಡಿದು ಬಡಿದಾಗ, ಹುಬ್ಬಿಗೆ ಹೊಲಿಗೆ ಬೀಳುವ ತನಕ ಕೈ ಬಿಡದೆ, ತಮಾಷೆ ಮಾಡುತ್ತಾ ಕೂತಿದ್ದವಳೂ ಅವಳೇ. "ಹೊಲಿಗೆ ಬಿಚ್ಚೋ ದಿನಾನೂ ಬರ್ತೀನಿ ಕಣೇ, ಹೆದರಬೇಡ," ಅಂದಿದ್ದಳು. ಆ ದಿನ ಬರುವುದರೊಳಗೆ, ಮಲಗಿದವಳು ಏಳಲೇ ಇಲ್ಲ.

ಸಾಲಿನ ಕೊನೆಗೆ ವಾಚ್‌ಮನ್ ತಾತ ಬಂದ. ಆಸ್ಪತ್ರೆಯ ಗೇಟು ಕಾದು ನಿವೃತ್ತನಾದ ಮುದುಕ. ಸುತ್ತಿ ತಂದಿದ್ದ ಹಳೇ ಖಾಕಿ ಪ್ಯಾಂಟನ್ನು ಗಾಡಿಯ ಮೇಲೆ ಹರಡಿದ.

"ಎರಡು ಗೆರೆ ಹಾಕು ಮಗಾ. ಅವಳನ್ನ ಕಳಿಸಿಕೊಡೋಕೆ ಅದೇ ಸರಿ."

ಸಾಲಿನಲ್ಲಿ ಮತ್ತೆ ನಗು ಎದ್ದಿತು. ಮಾವನೊಬ್ಬನೇ ಅರ್ಥವಾಗದೆ ಕಣ್ಣು ಕಣ್ಣು ಬಿಟ್ಟ. ತಾತನಿಗೆ ಅಷ್ಟೇ ಸಾಕಾಗಿತ್ತು, ಹೇಳತೊಡಗಿದ.

* * *

ಆಗಿನ್ನೂ ಅಮ್ಮನಿಗೆ ಎಳೆ ವಯಸ್ಸು. ಯಾರೋ ಹೊಡೆದು ತಲೆ ಒಡೆದಿದ್ದರು. ನಡೆದುಕೊಂಡೇ ಗೇಟಿಗೆ ಬಂದಿದ್ದಳು.

"ಗಂಡಸರ ಕಡೆಯೋ, ಹೆಂಗಸರ ಕಡೆಯೋ?" ಎಂದು ಆಗ ವಾಚ್‌ಮನ್ ಆಗಿದ್ದ ಇದೇ ತಾತ ಅಡ್ಡ ನಿಂತ.

"ರಕ್ತ ಎರಡೂ ಕಡೆಗೂ ಸುರೀತಿದೆ ಕಣಪ್ಪ. ನೀನೇ ನೋಡಿ ಹೇಳು."

ಅವನು ಗಂಡಸರ ವಾರ್ಡಿಗೆ ಕಳಿಸಿದ. ಅವರು ಹೆಂಗಸರ ವಾರ್ಡಿಗೆ ಅಟ್ಟಿದರು. ಅವರು ಮತ್ತೆ ಗೇಟಿಗೇ ಸಾಗಹಾಕಿದರು. ಹೊತ್ತು ಇಳಿಯುವಾಗ ಹೊಸದಾಗಿ ಸೇರಿದ್ದ ನರ್ಸೊಬ್ಬಳು ನೋಡಲಾರದೆ ಸೂಜಿ ದಾರ ತಂದು, ವಾಚ್‌ಮನ್ನನ ಕುರ್ಚಿಯ ಮೇಲೇ ಕೂರಿಸಿ ಹೊಲಿದಳು.

ಗಾಯ ಮಾಗಿದ ಮೇಲೆ ಅವಳು ಮಾಡಿದ್ದೇನು? ಗೇಟಿನ ಎದುರಿಗೇ ಇಸ್ತ್ರಿ ಗಾಡಿ ಹೂಡಿದಳು! ಮೊದಲು ಸಿಕ್ಕಿದ್ದು ವಾಚ್‌ಮನ್ನನ ಪ್ಯಾಂಟು. ಒಂದೇ ಇಸ್ತ್ರಿ ಗೆರೆ ಇರಬೇಕಾದ ಕಡೆ ಒಂದೊಂದು ಕಾಲಿಗೂ ಎರಡೆರಡು ಗೆರೆ ಕೂರಿಸಿ ಕೊಟ್ಟಳು.

"ಇದೇನಮ್ಮಾ ಇದು?"

"ಒಂದು ಗಂಡಸರ ಕಡೆ ಹೋಗೋಕೆ, ಒಂದು ಹೆಂಗಸರ ಕಡೆ ಹೋಗೋಕೆ. ಗೊತ್ತಾಗೋ ತನಕ ನೀನು ಮಧ್ಯದಲ್ಲೇ ನಿಂತಿರು."

ಆಸ್ಪತ್ರೆಯೆಲ್ಲ ಬಿದ್ದು ಬಿದ್ದು ನಕ್ಕಿತು. ವಾಚ್‌ಮನ್ ಮುಖ ಊದಿಸಿಕೊಂಡು ತಿರುಗಾಡಿ, ಕೊನೆಗೆ ತಾನೂ ನಕ್ಕ. ಅಲ್ಲಿಂದಾಚೆ ಅವಳಂಥವರನ್ನು ಯಾರೇ ವಾಪಸು ಕಳಿಸಲಿ, ಡಾಕ್ಟರ ಬಿಳಿ ಕೋಟಿಗಾದರೂ ಸರಿ, ಎರಡು ಗೆರೆ ತಪ್ಪುತ್ತಿರಲಿಲ್ಲ. ನಗೆಪಾಟಲಿಗೆ ಹೆದರಿಯೋ, ಅವಳ ಮೇಲಿನ ಪ್ರೀತಿಗೋ, ಗೇಟು ತೆರೆದುಕೊಂಡಿತು.

* * *

ಮಾವ ಬನಿಯನ್ನಿನಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕ. ನಗುನಗುತ್ತಲೇ ಕಣ್ಣೊರೆಸಿಕೊಂಡ.

ತಾತ ಮಗಳ ಹುಬ್ಬನ್ನು ನೋಡಿದ. "ಕೀವು ಕಟ್ಟಿದೆಯಲ್ಲೇ. ಅದೇ ನರ್ಸಕ್ಕನಿಗೆ ಡ್ಯೂಟಿ ಬಿಟ್ಟು ಬರೋಕಾಗ್ಲಿಲ್ಲ. ಇವತ್ತೇ ಬಂದು ಹೊಲಿಗೆ ಬಿಚ್ಚಿಸ್ಕೋಬೇಕಂತೆ, ಹೇಳಿ ಕಳಿಸಿದಾಳೆ."

"ಗೇಟಲ್ಲಿ ಹೊಸಬ ಇದಾನೆ ತಾತ. ಮೊನ್ನೆ ನಮ್ಮವಳೊಬ್ಬಳನ್ನ ವಾಪಸ್ ಅಟ್ಟಿದ. ನಾನೊಬ್ಬಳೇ ಹೋಗಲ್ಲ. ಅಮ್ಮ... ಅಮ್ಮ ಬರ್ತೀನಿ ಅಂದಿದ್ಲು." ಕಣ್ಣೀರು ಪೆಟ್ಟಿಗೆಯ ಮೇಲೆ ಬಿದ್ದು ಚುಂಯ್ ಅಂದಿತು.

ಮಾವ ಗರಿಗರಿ ಅಂಗಿ ತೊಟ್ಟು ಗುಂಡಿ ಹಾಕಿಕೊಂಡ. "ಬರ್ತೀನಿ ಅಂದಿದ್ಲಾ? ಹಾಗಾದ್ರೆ ಬರ್ತಾಳೆ ಬಿಡು. ನನ್ನ ತಂಗಿ ಕೊಟ್ಟ ಮಾತಿಗೆ ತಪ್ಪಿದವಳಲ್ಲ."

ತಂಗಿ! ಮಗಳು ತಲೆಯೆತ್ತಿ ನೋಡುವಷ್ಟರಲ್ಲಿ ಅವನು ಗಾಡಿಯ ಮೇಲಿನ ಬಟ್ಟೆಗಳನ್ನು ತೆಗೆಯತೊಡಗಿದ್ದ.

ಕೆಂಪು ಬಟ್ಟೆ ತೊಡಿಸಿ ಅಮ್ಮನನ್ನು ಅವಳದೇ ಗಾಡಿಯ ಮೇಲೆ ಮಲಗಿಸಿದರು. ಸ್ಮಶಾನಕ್ಕೆ ಎಡಕ್ಕೆ ತಿರುಗಬೇಕಿದ್ದ ಗಾಡಿ ಬಲಕ್ಕೆ ತಿರುಗಿತು. ಬೀದಿಯೆಲ್ಲ ಅದರ ಹಿಂದೆಯೇ ಆಸ್ಪತ್ರೆಯತ್ತ ನಡೆಯಿತು.

ಹೊಸ ವಾಚ್‌ಮನ್ ಗೇಟಿಗೆ ಅಡ್ಡ ಬಂದ. "ಗಂಡಸರ ಕಡೆಯೋ, ಹೆಂ..." ಅನ್ನುತ್ತಿದ್ದವನ ಬಾಯಿ ಅಲ್ಲೇ ನಿಂತಿತು. ಒಂದು ಸುಕ್ಕೂ ಇಲ್ಲದ ಇಡೀ ಬೀದಿ ಎದುರಿಗಿತ್ತು. ಅದರ ಮುಂದೆ ಎರಡು ಗೆರೆಯ ಪ್ಯಾಂಟಿನ ಮುದುಕ.

"ಜೊತೆಗೆ... ಯಾರು ಬಂದಿದಾರೆ?"

"ನಮ್ಮಮ್ಮ," ಎಂದು ಮಗಳು ಗಾಡಿಯ ಕಡೆ ಕೈ ತೋರಿದಳು.

ಅವನು ಟೋಪಿ ತೆಗೆದ. ಗೇಟಿನ ಎರಡೂ ಬಾಗಿಲು ತೆರೆದ.

ಒಳಗೆ ನರ್ಸಕ್ಕ ದಾರ ಎಳೆಯುವಾಗ ಮಗಳು ಕಿಟಕಿಯಾಚೆ ನೋಡುತ್ತಾ ಕೂತಳು. ತಾತ ಕಾಲು ಮುಂದೆ ಚಾಚಿ ಹೊಸಬನಿಗೆ ಪ್ಯಾಂಟು ತೋರಿಸುತ್ತಿದ್ದ. ಜನರ ನಗು ಅಲ್ಲಿಯವರೆಗೂ ಕೇಳುತ್ತಿತ್ತು. ಗೇಟಿನೆದುರು, ದಿನಾ ನಿಲ್ಲುತ್ತಿದ್ದ ಜಾಗದಲ್ಲೇ ಅಮ್ಮನ ಗಾಡಿ ನಿಂತಿತ್ತು. ಅವಳ ಮುಖಕ್ಕೆ ಬಿಸಿಲು ಬೀಳದಂತೆ ಮಾವ ಕೊಡೆ ಹಿಡಿದಿದ್ದ.