ಅಸಾಫ್ರಾದಲ್ಲಿ ಐದು ದಿನ

ವಗೀದಾಳ ಅತ್ತೆ ತೀರಿಕೊಂಡು ನಲವತ್ತು ದಿನ ಕಳೆದ ಮೇಲೆ ಒಂದು ಸಂಜೆ ಮೆತ್ವಲ್ಲಿ ಗಿರಣಿಯಿಂದ ಬಂದವನೇ, ಬೂಟು ಕಳಚುವ ಮೊದಲೇ, "ಇಸ್ರಾನಮ್ಮ, ಅಲೆಕ್ಸಾಂಡ್ರಿಯಾಕ್ಕೆ ಹೋಗಿ ಬರೋಣ. ಐದು ದಿನ," ಅಂದ. ಮಗಳ ಹೆಸರಿನಿಂದಲೇ ಅವನು ಹೆಂಡತಿಯನ್ನು ಕರೆಯುತ್ತಿದ್ದುದು. ಬೆಂಡೆಕಾಯಿಯ ತೊಟ್ಟು ತೆಗೆಯುತ್ತಿದ್ದ ವಗೀದಾ ತಲೆಯೆತ್ತಿ ಗಂಡನ ಮುಖ ನೋಡಿದಳು. ಜ್ವರವೇನೂ ಇದ್ದಂತಿರಲಿಲ್ಲ. ಅವನ ತಂಗಿ ಇನ್ಸಾಫ್ ಪ್ರತಿ ಬೇಸಿಗೆಯಲ್ಲೂ ಬಾಡಿಗೆಗೆ ಕೊಡುತ್ತಿದ್ದ ಅಲ್ಲಿನ ಅಸಾಫ್ರಾ ಬಡಾವಣೆಯ ಮನೆಯನ್ನು ಈ ಸಲ ಅಣ್ಣ ಅತ್ತಿಗೆಗೆಂದು ಬಿಟ್ಟುಕೊಟ್ಟಿದ್ದಳಂತೆ. ಸಮುದ್ರ ಅಲ್ಲಿಂದ ಎರಡೇ ಬೀದಿ ಆಚೆ.

ಗಿರಣಿಯೂರು ಮಹಲ್ಲಾದ ತಮ್ಮ ಎರಡು ಕೋಣೆಯ ಮನೆಯಲ್ಲಿ ವಗೀದಾ ಹನ್ನೊಂದು ವರ್ಷ ಅತ್ತೆಯನ್ನು ತೊಳೆದಿದ್ದಳು, ಮಗ್ಗುಲು ಬದಲಿಸಿದ್ದಳು, ಗಂಜಿ ಉಣಿಸಿದ್ದಳು. ಅದಕ್ಕೂ ಮೊದಲು ಗಿರಣಿಯ ಉಡುಪು ವಿಭಾಗದಲ್ಲಿ ಅಂಗಿಯ ಕಾಲರು ಹೊಲಿಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಮುದುಕಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಾಗ, ಆರು ತಿಂಗಳ ಮಾತು ಎಂದು ಎಲ್ಲರೂ ಸೇರಿ ಅವಳ ಕೆಲಸ ಬಿಡಿಸಿದ್ದರು. ಮಗಳು ಇಸ್ರಾಳ ಮದುವೆಯ ದಿನವೂ ನಡುವೆ ಎರಡು ಸಲ ಮನೆಗೆ ಓಡಿಬಂದು ಅತ್ತೆಯ ಬಟ್ಟೆ ಬದಲಿಸಿ ಹೋಗಿದ್ದಳು. ಮುದುಕಿಯ ಕೊನೆಯ ಮಗ ಖೈರಿ ಸುಯೆಜ್‌ನಲ್ಲಿ ಲಾರಿ ಓಡಿಸುತ್ತಿದ್ದ. ಚಳಿಗಾಲದಲ್ಲಿ ಅವನಿಗೆ ಲಕ್ವ ಹೊಡೆದು ಆಸ್ಪತ್ರೆ ಸೇರಿದ್ದರಿಂದ ತಾಯಿಯ ಮಣ್ಣಿಗೂ ಬರಲಾಗಿರಲಿಲ್ಲ.

ಅಸಾಫ್ರಾದ ದಂಡೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೊಡೆಗೆ ಕೊಡೆ ತಾಗಿಕೊಂಡು ನಿಂತಿತ್ತು. ಒಬ್ಬರ ತಟ್ಟೆಯ ಮೀನಿನ ಮುಳ್ಳು ಇನ್ನೊಬ್ಬರ ಚಾಪೆಯ ಮೇಲೆ ಬೀಳುತ್ತಿತ್ತು. ಮೊದಲ ದಿನ ವಗೀದಾ ಉದ್ದ ನಿಲುವಂಗಿಯಲ್ಲೇ ಮೊಣಕಾಲವರೆಗೆ ನೀರಿಗಿಳಿದು ನಿಂತಳು. ಎರಡನೆಯ ದಿನ ಎದೆಯವರೆಗೆ ಇಳಿದಳು. ಅಲೆ ಬಂದು ಅವಳನ್ನು ಎತ್ತಿ ಇಳಿಸಿತು. ತನ್ನ ಮೈಯನ್ನು ಇನ್ನೊಬ್ಬರು ಎತ್ತಿ ಎಷ್ಟು ಕಾಲವಾಗಿತ್ತೋ, ಅವಳಿಗೆ ನಗು ಬಂತು. ಉಪ್ಪುನೀರು ಬಾಯಿಗೆ ಹೋದರೂ ನಗು ನಿಲ್ಲಲಿಲ್ಲ.

ಮೆತ್ವಲ್ಲಿ ಓಡಾಡಿ ಸೇವೆ ಮಾಡಿದ. ಸುಟ್ಟ ಜೋಳ ತಂದ, ಜೇನು ಸವರಿದ ಹಪ್ಪಳದಂಥ ಫ್ರೆಸ್ಕಾ ತಂದ, ಗಂಟೆಗೊಂದು ಲೋಟ ಚಹಾ ತಂದ. ಪಕ್ಕದ ಕೊಡೆಯಡಿ ಕೂತಿದ್ದ ದಪ್ಪ ಹೆಂಗಸು ಅದನ್ನೆಲ್ಲ ನೋಡಿ ನೋಡಿ, "ಏನಮ್ಮ, ನಿಮ್ಮೆಜಮಾನ್ರು ಏನು ತಪ್ಪು ಮಾಡಿದ್ದಾರೆ?" ಅಂದಳು.

"ಯಾಕೆ ಹಾಗಂತೀರಿ?"

"ಮೂವತ್ತು ವರ್ಷ ಸಂಸಾರ ಮಾಡಿದೀನಿ ತಾಯಿ. ಗಂಡಸು ಕೇಳದೆ ಚಹಾ ತಂದುಕೊಟ್ಟ ಅಂದ್ರೆ ಮನೇಲಿ ಏನೋ ಒಡೆದಿದೆ ಅಂತಲೇ ಅರ್ಥ."

ಮೂವರೂ ನಕ್ಕರು. ಮೆತ್ವಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕ.

ಅಂದು ಸಂಜೆ ಸಮುದ್ರದಂಡೆಯ ತಡೆಗೋಡೆಯ ಮೇಲೆ ಕೂತು ವಗೀದಾ ಮನಸ್ಸಿನಲ್ಲಿದ್ದುದನ್ನು ಹೇಳಿದಳು. ಅತ್ತೆಯ ಕೋಣೆಗೆ ಸುಣ್ಣ ಹೊಡೆಸಬೇಕು. ಬೀದಿ ಕಡೆಯ ಕಿಟಕಿಗೆ ಅಡ್ಡವಾಗಿ ಹೊಲಿಗೆ ಯಂತ್ರ ಇಡಬೇಕು. ನೆರೆಯ ಶಾಲೆಯ ಸಮವಸ್ತ್ರದ ಕೆಲಸ ಸಿಗುತ್ತದೆ ಎಂದು ಹಳೆಯ ಗೆಳತಿಯೊಬ್ಬಳು ಹೇಳಿದ್ದಾಳೆ.

"ನೋಡೋಣ," ಅಂದ ಮೆತ್ವಲ್ಲಿ, ದೂರದ ದೋಣಿಯೊಂದನ್ನು ನೋಡುತ್ತ.

"ನೋಡೋದೇನಿದೆ? ಕೋಣೆ ಖಾಲಿ ಇದೆಯಲ್ಲ."

"ಮನೆ ಮಾತು ಮನೇಲಾಡೋಣ. ಈಗ ಗಾಳಿ ಕುಡಿ."

ನಾಲ್ಕನೆಯ ದಿನ ಬೆಳಿಗ್ಗೆ ಮೆತ್ವಲ್ಲಿ ಹುರಿದ ಮೀನು ತರಲು ಹೋಗಿದ್ದಾಗ ಅವನ ಫೋನು ಮೇಜಿನ ಮೇಲೆ ಬಡಿದುಕೊಂಡಿತು. ವಗೀದಾ ಎತ್ತಿದಳು. ಇನ್ಸಾಫ್ ಯಾರೆಂದು ಕೇಳಲೇ ಇಲ್ಲ. "ಅಣ್ಣಾ, ಮಂಚ ಬಂತು. ತಲೆ ಕಡೆ ಮೇಲೆತ್ತೋ ಮಂಚ, ಆಸ್ಪತ್ರೇದು. ಇಸ್ರಾನೇ ಅಮ್ಮನ ಕೋಣೆ ಗುಡಿಸಿ ಒರೆಸಿದಳು. ಖೈರೀನ ನಾಳೆ ಮಧ್ಯಾಹ್ನ ಕರ್ಕೊಂಬರ್ತಾರೆ. ಅತ್ತಿಗೆಗೆ ಹೇಳಿದ್ಯಾ ಇಲ್ವಾ ಇನ್ನೂ?"

"ಇಲ್ಲ," ಅಂದಳು ವಗೀದಾ. "ಹೇಳಿಲ್ಲ."

ಆ ಕಡೆಯಿಂದ ಫೋನು ಕಟ್ಟಾಯಿತು.

ಮೆತ್ವಲ್ಲಿ ಮೀನಿನ ಚೀಲ ಹಿಡಿದು ಬಂದಾಗ ಅವಳು ಕುರ್ಚಿಯಲ್ಲಿ ಕೂತಿದ್ದಳು. ಕೇಳುವ ಮೊದಲೇ ಅವನಿಗೆ ತಿಳಿಯಿತು.

"ಹೇಳ್ಬೇಕು ಅಂತಲೇ ಇದ್ದೆ. ಮೊದಲು ನಾಲ್ಕು ದಿನ ನೀನು ಸುಖವಾಗಿರಲಿ ಅಂತ..."

"ಇನ್ಸಾಫ್ ಮನೇಲಿ ನಾಲ್ಕು ಕೋಣೆ ಇದೆ."

"ಅವಳಿಗೆ ರಕ್ತದೊತ್ತಡ. ಅವಳ ಗಂಡ ಒಪ್ಪಲ್ಲ. ಖೈರಿ ಹೆಂಡತಿ ತವರು ಸೇರಿಕೊಂಡಳು. ಅವನನ್ನ ಬೀದೀಲಿ ಬಿಡೋಕಾಗುತ್ತಾ, ನೀನೇ ಹೇಳು?"

"ತೊಳೆಯೋರು ಯಾರು?"

ಅವನು ಮೀನಿನ ಚೀಲವನ್ನು ಮೇಜಿನ ಮೇಲಿಟ್ಟ.

"ನೀನು ತೊಳೀತೀಯಾ?"

"ನನಗೆ ಅದೆಲ್ಲ ಗೊತ್ತಾಗಲ್ಲ, ಇಸ್ರಾನಮ್ಮ. ನಿನಗೆ ಕೈ ಪಳಗಿದೆ."

"ನನಗೆ ಯಾರು ಕಲಿಸಿದ್ರು?" ಅಂದಳು ವಗೀದಾ. ಅವಳ ದನಿ ಏರಲಿಲ್ಲ. ಎಲ್ಲರೂ ಕೂಡಿ ಮಾತಾಡಿ, ಬೀಗದ ಕೈ ಕೊಟ್ಟು, ತನ್ನನ್ನು ಊರಾಚೆ ಕಳಿಸಿ ಕೋಣೆ ತುಂಬಿಸಿದ್ದರು. ಅದರಲ್ಲಿ ತನ್ನ ಹೊಟ್ಟೆಯಲ್ಲಿ ಹುಟ್ಟಿದವಳೂ ಇದ್ದಳು.

ಅವಳು ಚಪ್ಪಲಿ ಮೆಟ್ಟಿ ಕೆಳಗಿಳಿದಳು. ಕಡಲ ಬದಿಯ ರಸ್ತೆಯಲ್ಲಿ ಮಿನಿಬಸ್ಸುಗಳು ಹಾರ್ನ್ ಹೊಡೆಯುತ್ತ ಹೋಗುತ್ತಿದ್ದವು. ಗೋಡೆಗೊರಗಿ ನಿಂತು ಮಗಳಿಗೆ ಫೋನು ಮಾಡಿದಳು. ಇಸ್ರಾ ಅಮ್ಮನ ದನಿ ಕೇಳಿದ್ದೇ ಅತ್ತಳು. "ಅಪ್ಪ ನಿನಗೆ ಹೇಳ್ಬಾರ್ದು ಅಂತ ಆಣೆ ಹಾಕಿಸಿಕೊಂಡ್ರಮ್ಮ. ನಾನೇನು ಮಾಡ್ಲಿ?"

"ಅಳಬೇಡ. ನಾನು ಬಂದು ನಿನ್ನ ಜೊತೆ ಒಂದು ತಿಂಗಳು ಇರ್ಲಾ?"

ಇಸ್ರಾಳ ಹಿಂದೆ ಅವಳ ಮಗುವಿನ ರಗಳೆ, ಟಿವಿಯ ಸದ್ದು. "ಬಾಮ್ಮ. ಆದ್ರೆ ನಮ್ಮತ್ತೆ ಏನಂತಾರೋ... ಇರೋ ಎರಡು ಕೋಣೇಲಿ..."

"ಸರಿ ಬಿಡು. ಸುಮ್ಮನೆ ಕೇಳಿದೆ."

ಅವಳು ನಡೆದಳು. ಪಕ್ಕದ ಮಂದರಾ ಬಡಾವಣೆಯ ಹಿಂದಿನ ಗಲ್ಲಿಯೊಂದರಲ್ಲಿ, ಬಟ್ಟೆಯಂಗಡಿಯ ಬಾಗಿಲಿಗೆ ಕಾಗದ ಅಂಟಿಸಿದ್ದರು: ಹೊಲಿಗೆ ಬಲ್ಲ ಹೆಂಗಸರು ಬೇಕು, ಇರಲು ಜಾಗವಿದೆ. ಅವಳು ಅದನ್ನು ಮೂರು ಸಲ ಓದಿದಳು. ಮೆಟ್ಟಿಲು ಹತ್ತಿದಳು.

ಮೇಲೆ ಉದ್ದನೆಯ ಕೋಣೆಯಲ್ಲಿ ಹದಿನೈದು ಹುಡುಗಿಯರು ಹೊಲಿಯುತ್ತಿದ್ದರು. ಮೇಲ್ವಿಚಾರಕಿಗೆ ಇಸ್ರಾಳ ವಯಸ್ಸಿರಬಹುದು. "ಕೂತ್ಕೊಳಿ ತಾಯಿ. ಕಾಲರು ಬರುತ್ತಾ?" ಎಂದು ಅಂಗಿಯೊಂದನ್ನು ಮುಂದಿಟ್ಟಳು.

"ಅದೇ ನನ್ನ ಕೆಲಸ," ಅಂದಳು ವಗೀದಾ.

ಪೆಡಲಿಗೆ ಕಾಲು ಸೋಕಿದ್ದೇ ಯಂತ್ರ ಹಾರಿತು. ಅವಳು ಬಲ್ಲ ಯಂತ್ರ ಇದಾಗಿರಲಿಲ್ಲ. ಬಟ್ಟೆಯ ಅಂಚು ಕಣ್ಣಿಗೆ ಮಸುಕಾಯಿತು, ಹೊಲಿಗೆ ಅಡ್ಡ ಓಡಿತು. ಬಿಚ್ಚಿ ಮತ್ತೆ ಕೂಡಿಸಿದಳು. ಹನ್ನೊಂದು ವರ್ಷ ಭಾರ ಎತ್ತಿ ಎತ್ತಿ ಗಂಟುಗಟ್ಟಿದ್ದ ಹೆಬ್ಬೆರಳು ಬಟ್ಟೆಯನ್ನು ತಿರುವಿನಲ್ಲಿ ಹಿಡಿದು ನಿಲ್ಲಿಸಲಿಲ್ಲ. ಮೂರನೆಯ ಸಲ ಬಟ್ಟೆಯೇ ಹರಿಯಿತು. ಪಕ್ಕದ ಹುಡುಗಿ ಆ ಹೊತ್ತಿಗೆ ನಾಲ್ಕು ಕಾಲರು ಮುಗಿಸಿ, ನೋಡದವಳಂತೆ ತಲೆ ತಗ್ಗಿಸಿದಳು.

ಮೇಲ್ವಿಚಾರಕಿ ಮೆತ್ತಗೆ ಅಂಗಿ ತೆಗೆದುಕೊಂಡಳು. "ನೀವು ಕೆಲಸ ಬಲ್ಲವರು, ಕೂತ ರೀತೀಲೇ ಗೊತ್ತಾಗುತ್ತೆ. ಆದ್ರೆ ಇಲ್ಲಿ ಕೈ ಓಡಬೇಕು. ಒಂದು ಲೋಟ ಚಹಾ ಕುಡ್ಕೊಂಡು ಹೋಗಿ."

"ಬೇಡಮ್ಮ. ಹರಿದಿದ್ದಕ್ಕೆ ಬೇಜಾರು ಮಾಡ್ಕೋಬೇಡ," ಅಂದಳು ವಗೀದಾ.

ಕೆಳಗೆ ಬಂದ ಮೇಲೆ ಅವಳಿಗೆ ಗಂಡನ ಮೇಲಾಗಲಿ ನಾದಿನಿಯ ಮೇಲಾಗಲಿ ಸಿಟ್ಟು ಬರಲಿಲ್ಲ. ಸಿಟ್ಟು ಬರಬೇಕಾದರೆ ಕಾಲ ಕೆಳಗೆ ಒಂದಿಷ್ಟು ನೆಲವಾದರೂ ಬೇಕು. ಕೋಣೆ ಖಾಲಿಯಿದ್ದರೂ, ಯಂತ್ರ ಬಂದರೂ, ತನ್ನೊಳಗಿನ ಹೊಲಿಯುವವಳು ಎಂದೋ ಹೋಗಿಬಿಟ್ಟಿದ್ದಳು. ಅದು ತನಗೇ ತಿಳಿದಿರಲಿಲ್ಲ.

ಅವಳು ಹಿಂತಿರುಗಿದಾಗ ಮೆತ್ವಲ್ಲಿ ಕಟ್ಟಡದ ಬಾಗಿಲಲ್ಲೇ ನಿಂತಿದ್ದ. "ಎಲ್ಲಿಗೆ ಹೋಗಿದ್ದೆ? ಪೊಲೀಸಿಗೆ ಹೇಳೋಣ ಅಂತಿದ್ದೆ," ಅಂದ. ಮೀನು ತಣ್ಣಗಾಗಿತ್ತು. ಇಬ್ಬರೂ ಅದನ್ನೇ ಉಂಡರು. ಮರುದಿನ ಬೆಳಿಗ್ಗೆ ಅವಳು ಚೀಲ ಕಟ್ಟಿ, ನೆಲ ಒರೆಸಿ, ಇನ್ಸಾಫಳ ಹಾಸಿಗೆಯ ಮೇಲುಹಾಸನ್ನು ಸುಕ್ಕಿಲ್ಲದಂತೆ ಎಳೆದಳು.

ಮಹಲ್ಲಾ ತಲುಪುವ ಹೊತ್ತಿಗೆ ಖೈರಿ ಬಂದಾಗಿತ್ತು. ಲಾರಿಯ ಚಕ್ರವನ್ನು ಒಬ್ಬನೇ ಎತ್ತುತ್ತಿದ್ದ ಆಳು ಎತ್ತರದ ಮಂಚದಲ್ಲಿ ಒಂದು ಪಕ್ಕಕ್ಕೆ ಜಾರಿ ಬಿದ್ದಿದ್ದ. ಅತ್ತಿಗೆಯನ್ನು ಕಂಡು ಅವನ ನೆಟ್ಟಗಿದ್ದ ಅರ್ಧ ಮುಖ ಅತ್ತಿತು, ಇನ್ನರ್ಧ ಅಲುಗಲಿಲ್ಲ. "ಅ...ತ್ತಿಗೆ," ಅಂದ. ಮುಂದಿನ ಮಾತು ಬಾಯಲ್ಲೇ ಕಲಸಿಹೋಯಿತು. ಕೋಣೆಯಲ್ಲಿ ವಾಸನೆ ಹಬ್ಬಿತ್ತು. ಆಗಲೇ ಬಟ್ಟೆ ಬದಲಿಸಬೇಕಾಗಿತ್ತು, ಎಲ್ಲರೂ ಅವಳಿಗಾಗಿ ಕಾಯುತ್ತಿದ್ದರು.

ಅವನನ್ನು ದ್ವೇಷಿಸುವುದಾದರೂ ಸಾಧ್ಯವಾಗಿದ್ದರೆ ಎಂದು ವಗೀದಾ ಅಂದುಕೊಂಡಳು. ನೀರು ಕಾಯಿಸಿದಳು. ತೋಳು ಮಡಚಿ, ಒಂದು ಕೈ ಅವನ ಭುಜದಡಿ, ಇನ್ನೊಂದು ಸೊಂಟದಡಿ ತೂರಿಸಿ ಮಗ್ಗುಲು ತಿರುಗಿಸಿದಳು. ಅವಳ ಕೈಗಳು ಇಲ್ಲಿ ಎಲ್ಲೂ ತಡವರಿಸಲಿಲ್ಲ. ಖೈರಿ ನಾಚಿ ಕಣ್ಣು ಮುಚ್ಚಿಕೊಂಡ.

ಮೆತ್ವಲ್ಲಿ ಹೊಸ್ತಿಲಿನಾಚೆಯೇ ನಿಂತಿದ್ದ. ಏನಾದರೊಂದು ಒಳ್ಳೆಯ ಮಾತು ಹೇಳಬೇಕೆಂದು ಅವನಿಗೆ ಅನಿಸಿರಬೇಕು.

"ಡಾಕ್ಟರು ಹೇಳಿದ್ರು," ಅಂದ. "ಹೃದಯ ಗಟ್ಟಿ ಇದೆಯಂತೆ. ಇನ್ನೂ ನಲವತ್ತೆಂಟು. ಜೋಪಾನ ಮಾಡಿದ್ರೆ ಇಪ್ಪತ್ತು ಇಪ್ಪತ್ತೈದು ವರ್ಷ ಏನೂ ಚಿಂತೆಯಿಲ್ಲವಂತೆ."

"ಒಣಗಿದ ಬಟ್ಟೆ ಕೊಡು," ಅಂದಳು ವಗೀದಾ.